ಅಂತೆಕಂತೆಯಿಂದ ಅಡಿಪಾಯದವರೆಗೆ: ಹೊಸ ರೋಲರ್ ಕೋಸ್ಟರ್‌ನ ಸುಳಿವು ಹಿಡಿಯುವ ಬಗೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ, ಈರಿ ಸರೋವರದೊಳಕ್ಕೆ ಚಾಚಿಕೊಂಡ ನೆಲದ ತುದಿಯಲ್ಲಿ ಸೀಡರ್ ಪಾಯಿಂಟ್ ಎಂಬ ಮನರಂಜನಾ ಪಾರ್ಕ್ ಇದೆ. 2016ರ ಸೆಪ್ಟೆಂಬರ್ 16ರಂದು ಅಲ್ಲಿನ ‘ಮೀನ್ ಸ್ಟ್ರೀಕ್’ ಎಂಬ ಮರದ ರೋಲರ್ ಕೋಸ್ಟರ್ ಕೊನೆಯ ಸಲ ಓಡಿತು. 1991ರಲ್ಲಿ ತೆರೆದ, 161 ಅಡಿ ಎತ್ತರದ ಈ ಸವಾರಿ ಮೈ ನೋಯಿಸುವ ಒರಟು ಓಟಕ್ಕೆ ಹೆಸರಾಗಿತ್ತು. ಆ ಜಾಗದಲ್ಲಿ ಮುಂದೇನು ಎಂದು ಪಾರ್ಕ್ ಹೇಳಲಿಲ್ಲ. ಮುಂದಿನ ಹನ್ನೊಂದು ತಿಂಗಳಲ್ಲಿ ಅದು ಕುತೂಹಲ ಕೆರಳಿಸುವ ಸುಳಿವುಗಳನ್ನು ಬಿಟ್ಟಿತೇ ಹೊರತು ವಿಷಯ ಬಿಚ್ಚಿಡಲಿಲ್ಲ.

ಆದರೆ ಕಣ್ಣಿಟ್ಟು ನೋಡುವವರಿಗೆ ಕಾಣುವಂಥದ್ದು ಬೇಕಾದಷ್ಟಿತ್ತು. ಕೆಡವುವುದೇ ಉದ್ದೇಶವಾಗಿದ್ದರೆ ಆ ಮರದ ಕಟ್ಟು ಚಳಿಗಾಲ ಕಳೆಯುವಷ್ಟರಲ್ಲಿ ನೆಲಕ್ಕುರುಳಿ ಜಾಗ ಬಯಲಾಗಬೇಕಿತ್ತು. ಹಾಗಾಗಲಿಲ್ಲ. ಹಳೆಯ ಹಳಿ ಕಳಚಿತು, ಕಂಬಗಳ ಜಾಲ ಬಹುಪಾಲು ಉಳಿಯಿತು, ಅದರ ಮೇಲೆ ಉಕ್ಕಿನ ಹೊಸ ಹಳಿ ಕೂರತೊಡಗಿತು. ಪಾರ್ಕಿನೊಳಗೆ ಓಡುವ ಉಗಿಬಂಡಿ ಆ ಕಟ್ಟಿನ ಪಕ್ಕದಲ್ಲೇ ಹಾದುಹೋಗುತ್ತದೆ. ಅದರಲ್ಲಿ ಕೂತವರಿಗೆ ಕೆಲಸ ಎಲ್ಲಿಗೆ ಬಂತೆಂದು ಕಾಣುತ್ತಿತ್ತು. ಹಳೆಯ ಮರದ ಕೋಸ್ಟರ್‌ಗಳಿಗೆ ಉಕ್ಕಿನ ಹಳಿ ಹಾಕಿ ಹೊಸ ಜನ್ಮ ಕೊಡುವ ಕಲೆಯನ್ನು ಐಡಾಹೊದ ರಾಕಿ ಮೌಂಟನ್ ಕನ್‌ಸ್ಟ್ರಕ್ಷನ್ ಕಂಪನಿ 2011ರಲ್ಲಿ ಟೆಕ್ಸಾಸ್‌ನ ‘ನ್ಯೂ ಟೆಕ್ಸಾಸ್ ಜೈಂಟ್’ ಮೂಲಕ ತೋರಿಸಿಕೊಟ್ಟಿತ್ತು. ಎರಡೂ ಸಂಗತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಭಿಮಾನಿಗಳಿಗೆ ಕೆಲಸ ಯಾರದು, ಎಂಥದು ಎಂಬುದು ಘೋಷಣೆಗೆ ಎಷ್ಟೋ ಮೊದಲೇ ಹೊಳೆದಿತ್ತು. 2017ರ ಆಗಸ್ಟ್ 16ರಂದು ಪಾರ್ಕ್ ‘ಸ್ಟೀಲ್ ವೆಂಜೆನ್ಸ್’ ಹೆಸರನ್ನು ಪ್ರಕಟಿಸಿತು: 205 ಅಡಿ ಎತ್ತರ, 5,740 ಅಡಿ ಉದ್ದ, ಗಂಟೆಗೆ ಸುಮಾರು 119 ಕಿ.ಮೀ. ವೇಗ. 2018ರ ಮೇ 5ರಂದು ಅದು ಜನರಿಗೆ ತೆರೆಯಿತು.

ಈ ಪ್ರಸಂಗದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಅಭಿಮಾನಿಗಳ ಯಾವ ಊಹೆ ನಿಜವಾಯಿತು, ಯಾವುದು ಕೊನೆಯವರೆಗೂ ಕತ್ತಲಲ್ಲೇ ಉಳಿಯಿತು ಎಂಬುದು ಇಲ್ಲಿ ಬಿಡಿಬಿಡಿಯಾಗಿ ಕಾಣುತ್ತದೆ. ತಯಾರಕರು ಯಾರು, ಸವಾರಿಯ ಜಾತಿ ಯಾವುದು ಎಂಬುದನ್ನು ಕಣ್ಣೇ ಹೇಳಿತು. ಕೂತಾಗ ಅದು ಹೇಗಿರುತ್ತದೆ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ನನ್ನ ತಿಳಿವಳಿಕೆಯಲ್ಲಿ ಈ ಹವ್ಯಾಸದ ಗುಟ್ಟು ಇಷ್ಟೇ: ನೆಲ ‘ಎಲ್ಲಿ’ ಎಂದು ಹೇಳುತ್ತದೆ, ಕಾಗದ ‘ಎಷ್ಟು’ ಎಂದು ಹೇಳುತ್ತದೆ, ಉಕ್ಕು ‘ಯಾರು’ ಎಂದು ಹೇಳುತ್ತದೆ. ಒಂದು ಹೇಳಬೇಕಾದ್ದನ್ನು ಇನ್ನೊಂದರ ಬಾಯಲ್ಲಿ ಹೇಳಿಸಲು ಹೊರಟಾಗ ಊಹೆ ಹಳಿ ತಪ್ಪುತ್ತದೆ.

ಮೊದಲು ನೆಲ

ಹೊಸ ಕೋಸ್ಟರ್‌ನ ಮೊದಲ ಗುರುತು ಬಹಳ ಸಲ ಹಳೆಯ ಸವಾರಿಯೊಂದರ ಸಾವು. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ 1980ರಿಂದ ಓಡುತ್ತಿದ್ದ ‘ಕಾರ್ಕ್‌ಸ್ಕ್ರೂ’ 2008ರಲ್ಲಿ ನಿಂತಿತು; 2010ರಲ್ಲಿ ಆ ಜಾಗದಲ್ಲಿ ‘ಥರ್ಟೀನ್’ ಎದ್ದಿತು. ಒಹಾಯೊದ ಕಿಂಗ್ಸ್ ಐಲೆಂಡ್‌ನಲ್ಲಿ 2018ರಲ್ಲಿ ‘ಫೈರ್‌ಹಾಕ್’ ಮುಚ್ಚಿತು. 2020ರಲ್ಲಿ ಅಲ್ಲಿಂದ ‘ಓರಿಯನ್’ ಹೊರಟಿತು. ಹಾಗಾಗಿ ಯಾವ ಸವಾರಿ ಯಾವ ವರ್ಷದ್ದು, ಯಾವುದು ಎಷ್ಟು ಕಾಲದಿಂದ ಬೀಗ ಹಾಕಿಕೊಂಡಿದೆ, ಪಾರ್ಕಿನೊಳಗೆ ದೊಡ್ಡ ಖಾಲಿ ಜಾಗ ಎಲ್ಲೆಲ್ಲಿದೆ ಎಂದು ಒಂದು ನಕ್ಷೆ ಬರೆದಿಟ್ಟುಕೊಳ್ಳಿ. ಮುಂದಿನ ಊಹೆಗಳಿಗೆಲ್ಲ ಅದೇ ಆಧಾರ.

ನೆಲದ ಮೇಲೆ ಬಣ್ಣದ ಗೆರೆ, ಪುಟ್ಟ ಬಾವುಟ ಕಂಡ ಕೂಡಲೇ ಫೋಟೊ ಹಂಚುವವರು ಹಲವರು. ಅಮೆರಿಕದಲ್ಲಿ ಈ ಬಣ್ಣಗಳಿಗೆ ಗೊತ್ತಾದ ಅರ್ಥವಿದೆ. ಕೆಂಪು ವಿದ್ಯುತ್ತಿಗೆ, ಹಳದಿ ಅನಿಲಕ್ಕೆ, ನೀಲಿ ಕುಡಿಯುವ ನೀರಿಗೆ, ಹಸಿರು ಒಳಚರಂಡಿಗೆ, ಕಿತ್ತಳೆ ದೂರವಾಣಿ ಮತ್ತು ಕೇಬಲ್ಲಿಗೆ. ಗುಲಾಬಿ ಅಂದರೆ ಸರ್ವೆಯವರ ಗುರುತು. ಬಿಳಿ ಅಂದರೆ ಇಲ್ಲಿ ಅಗೆಯುತ್ತೇವೆ ಎಂದು. ನೀಲಿ ಹಸಿರು ಬಾವುಟಗಳ ಸಾಲು ಕಂಡರೆ ಅದು ಹೊಸ ಶೌಚಾಲಯದ ಕೆಲಸವೂ ಆಗಿರಬಹುದು. ಗುಲಾಬಿ, ಬಿಳಿ ಗುರುತುಗಳು ಉದ್ದಕ್ಕೆ ಅಂಕುಡೊಂಕಾಗಿ ಹರಡಿಕೊಂಡಿದ್ದರೆ ಮಾತ್ರ ಅಲ್ಲಿ ನಿಂತು ನೋಡಬೇಕು.

ಆಮೇಲೆ ಬರುವುದು ಫೂಟಿಂಗ್, ಅಂದರೆ ಕಂಬ ಹೊರುವ ಕಾಂಕ್ರೀಟ್ ದಿಮ್ಮಿ. ಕಾಂಕ್ರೀಟ್ ಸುರಿದ ಮೇಲೆ ಆಟ ಬೇರೆಯೇ. ಸಾಲಾಗಿ, ಸಮ ಅಂತರದಲ್ಲಿ, ನೇರ ಗೆರೆಯಲ್ಲಿ ಫೂಟಿಂಗ್‌ಗಳು ಬಂದರೆ ಅಲ್ಲಿ ರೈಲನ್ನು ಮೇಲಕ್ಕೆಳೆಯುವ ಲಿಫ್ಟ್ ಹಿಲ್ ಅಥವಾ ಕೊನೆಯ ಬ್ರೇಕಿನ ಭಾಗ ಬರುವ ಸಾಧ್ಯತೆ ಹೆಚ್ಚು. ಎರಡು ದಿಮ್ಮಿಗಳು ಒಂದಕ್ಕೊಂದು ದೂರದಲ್ಲಿ ಜೋಡಿಯಾಗಿದ್ದರೆ ಮೇಲೆ ಕವಲು ಕಾಲಿನ ಎತ್ತರದ ಕಂಬ ನಿಲ್ಲುತ್ತದೆ. ದಿಮ್ಮಿ ದೊಡ್ಡದಾಗಿ, ಮೇಲೆ ಆಂಕರ್ ಬೋಲ್ಟ್‌ಗಳು ಒತ್ತಾಗಿದ್ದಷ್ಟೂ ಆ ಜಾಗದಲ್ಲಿ ಬೀಳುವ ಬಲ ಹೆಚ್ಚು. ಇಳಿಜಾರಿನ ಬುಡದಲ್ಲಿ, ರೈಲು ಪೂರ್ತಿ ವೇಗದಲ್ಲಿ ತಿರುಗುವ ಕಡೆ ಅಂಥವು ಸಿಗುತ್ತವೆ. ಊರಲ್ಲಿ ಮನೆ ಕಟ್ಟುವಾಗ ಪಾಯ ನೋಡಿಯೇ ಎಷ್ಟು ಮಹಡಿ ಏಳುತ್ತದೆಂದು ಹೇಳುವ ಮೇಸ್ತ್ರಿಗಳಿರುತ್ತಾರಲ್ಲ, ಅದೇ ಬಗೆಯ ಓದು ಇದು.

ದೂರದ ದೇಶದ ಕಾಮಗಾರಿಯನ್ನು ಮನೆಯಿಂದಲೇ ನೋಡಬೇಕೆಂದಿದ್ದರೆ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಆ ಚಿತ್ರದ ಒಂದು ಚುಕ್ಕೆ ಅಂದರೆ ನೆಲದ ಮೇಲೆ 10 ಮೀಟರ್. ಹಳಿ ಅದರಲ್ಲಿ ಕಾಣುವುದಿಲ್ಲ. ಮರ ಕಡಿದದ್ದು, ಮಣ್ಣು ಬಗೆದದ್ದು ಕಾಣುತ್ತದೆ. ಕೆಲವೇ ದಿನಗಳಿಗೊಮ್ಮೆ ಹೊಸ ಚಿತ್ರ ಬರುವುದರಿಂದ ಕೆಲಸ ಶುರುವಾದ ವಾರವನ್ನು ಗುರುತಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಕಾಗದದ ಹಿಂದೆ ಹೋಗಿ

ಹೊಸಬರು ಹೆಚ್ಚಾಗಿ ಬಿಟ್ಟುಬಿಡುವ ಭಾಗ ಇದು, ನನಗೆ ಅತಿ ಪ್ರಿಯವಾದದ್ದೂ ಇದೇ. ಕೋಸ್ಟರ್ ಕಟ್ಟುವುದು ಕದ್ದುಮುಚ್ಚಿ ಮಾಡುವ ಕೆಲಸವಲ್ಲ. ಎಲ್ಲೋ ಒಂದು ಕಚೇರಿಯ ಅನುಮತಿ ಬೇಕು, ಆ ಅನುಮತಿಗೆ ನಕ್ಷೆ ಬೇಕು, ಆ ನಕ್ಷೆ ಹಲವು ದೇಶಗಳಲ್ಲಿ ಸಾರ್ವಜನಿಕ ದಾಖಲೆ.

ಬ್ರಿಟನ್ ಈ ವಿಷಯದಲ್ಲಿ ಅಭಿಮಾನಿಗಳ ಸ್ವರ್ಗ. ಲಂಡನ್ನಿನ ಹೊರವಲಯದಲ್ಲಿರುವ ಥಾರ್ಪ್ ಪಾರ್ಕ್ ‘ಪ್ರಾಜೆಕ್ಟ್ ಎಕ್ಸೋಡಸ್’ ಎಂಬ ಗುಪ್ತನಾಮದಲ್ಲಿ ಹೊಸ ಕೋಸ್ಟರ್‌ಗೆ ರನ್ನಿಮೀಡ್ ಕೌನ್ಸಿಲ್‌ಗೆ ಅರ್ಜಿ ಹಾಕಿದಾಗ ಎತ್ತರ 236 ಅಡಿ, ಜಾಗ ಹಳೆಯ ‘ಲಾಗರ್ಸ್ ಲೀಪ್’ ಇದ್ದ ಓಲ್ಡ್ ಟೌನ್ ಎಂಬುದೆಲ್ಲ ಕಾಗದದಲ್ಲೇ ಇತ್ತು. ಬ್ಲ್ಯಾಕ್‌ಪೂಲ್‌ನ ‘ಬಿಗ್ ಒನ್’ 213 ಅಡಿ. ಅಂದರೆ ದೇಶದ ಅತಿ ಎತ್ತರದ ಕೋಸ್ಟರ್ ಎಂಬ ಪಟ್ಟ ಕೈ ಬದಲಾಗುತ್ತದೆ ಎಂದು ಕೂಡಿಸಿ ಕಳೆದು ಹೇಳಲು ಯಾವ ಜ್ಯೋತಿಷಿಯೂ ಬೇಕಿರಲಿಲ್ಲ. ಜರ್ಮನಿಯ ಮ್ಯಾಕ್ ರೈಡ್ಸ್ ಕಟ್ಟಿದ ಆ ಸವಾರಿ 2024ರ ಮೇ 24ರಂದು ‘ಹೈಪೀರಿಯಾ’ ಎಂಬ ಹೆಸರಿನಲ್ಲಿ ತೆರೆಯಿತು.

ಇಂಥ ಅರ್ಜಿ ತೆರೆದಾಗ ಎಲ್ಲರೂ ನೇರವಾಗಿ ಹಳಿಯ ಚಿತ್ರಕ್ಕೆ ಹೋಗುತ್ತಾರೆ. ನೀವು ಶಬ್ದದ ವರದಿಗೂ ಹೋಗಿ. ನೆರೆಹೊರೆಯವರಿಗೆ ಎಷ್ಟು ಸದ್ದು ಕೇಳುತ್ತದೆ ಎಂದು ಲೆಕ್ಕ ಹಾಕುವಾಗ ರೈಲುಗಳ ಓಡಾಟ, ಜನರ ಕಿರುಚಾಟ, ಓಡುವ ಹೊತ್ತು ಇವೆಲ್ಲ ಚರ್ಚೆಗೆ ಬರುತ್ತವೆ. ಮರಗಳ ಸಮೀಕ್ಷೆಯಲ್ಲಿ ಯಾವ ಮರ ಉಳಿಯುತ್ತದೆ ಎಂದಿರುತ್ತದೆ; ಉಳಿಯುವ ಮರದ ಮೇಲೆ ಹಳಿ ಹಾಯಲಾರದು. ದೊಡ್ಡ ಯೋಜನೆಯ ಅರ್ಜಿಯನ್ನು ಇಂಗ್ಲೆಂಡಿನಲ್ಲಿ ತೀರ್ಮಾನಿಸಲು ನಿಗದಿಯಾದ ಅವಧಿ 13 ವಾರ. ಅರ್ಜಿ ದಾಖಲಾದ ದಿನದಿಂದ ಆ ಲೆಕ್ಕ ಇಟ್ಟುಕೊಂಡರೆ ಕೆಲಸ ಅದಕ್ಕೂ ಮೊದಲು ಶುರುವಾಗುತ್ತದೆ ಎಂಬ ಗಾಳಿಸುದ್ದಿಗಳಿಗೆ ಬಹುಮಟ್ಟಿಗೆ ತಡೆ ಬೀಳುತ್ತದೆ.

ಸ್ಥಳೀಯ ನಿರ್ಬಂಧ ಗೊತ್ತಿದ್ದರೆ ಅರ್ಜಿ ಬರುವ ಮೊದಲೇ ಅರ್ಧ ಊಹೆ ಸರಿಹೋಗುತ್ತದೆ. ಆಲ್ಟನ್ ಟವರ್ಸ್‌ನಲ್ಲಿ ಸವಾರಿಗಳು ಮರಗಳ ನೆತ್ತಿ ದಾಟಿ ಏಳಬಾರದು. 1994ರ ‘ನೆಮೆಸಿಸ್’ ಕೋಸ್ಟರ್‌ಗಾಗಿ ವಿನ್ಯಾಸಕ ಜಾನ್ ವಾರ್ಡ್ಲಿ ಮತ್ತು ತಂಡ ಮೇಲಕ್ಕೆ ಹೋಗುವ ಬದಲು ಬಂಡೆ ಸಿಡಿಸಿ ಕೆಳಕ್ಕೆ ಇಳಿದದ್ದು ಆ ಕಾರಣಕ್ಕೇ. ಪ್ರತಿ ಸಲವೂ ಅಲ್ಲಿ 300 ಅಡಿಯ ಕೋಸ್ಟರ್ ಬರುತ್ತದೆ ಎಂದು ಆಸೆ ಹೊತ್ತಿಸುವವರು ಇದ್ದೇ ಇರುತ್ತಾರೆ. ಆ ಮರಗಳು ಇರುವವರೆಗೆ ಅದನ್ನು ನಂಬಬೇಕಾಗಿಲ್ಲ.

ಅಮೆರಿಕದಲ್ಲಿ ನೆಲದಿಂದ 200 ಅಡಿ ಮೀರುವ ಕಟ್ಟಡ ಕಟ್ಟುವವರು ವಿಮಾನಯಾನ ಆಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕು. ಆ ದಾಖಲೆ ಸಾರ್ವಜನಿಕ. ಆದರೆ ಅದರಲ್ಲಿರುವ ಎತ್ತರ ಕೆಲಸಕ್ಕೆ ತಂದ ಕ್ರೇನಿನದ್ದೂ ಆಗಿರಬಹುದು. ಕಾಗದದ ಮೇಲಿನ ಅಂಕಿ ಯಾವುದರ ಅಂಕಿ ಎಂದು ನೋಡದೆ ಕುಣಿಯಬಾರದು.

ಅಂಕಿಯ ವಿಚಾರದಲ್ಲಿ ‘ಓರಿಯನ್’ ಕಥೆ ಎಲ್ಲರೂ ತಿಳಿದಿರಬೇಕಾದದ್ದು. 300 ಅಡಿ ಮೀರಿದ ಕೋಸ್ಟರ್‌ಗೆ ಅಭಿಮಾನಿಗಳು ‘ಗಿಗಾ’ ಎನ್ನುತ್ತಾರೆ. 2000ದಲ್ಲಿ ಸೀಡರ್ ಪಾಯಿಂಟ್‌ನಲ್ಲಿ ತೆರೆದ 310 ಅಡಿಯ ‘ಮಿಲೇನಿಯಂ ಫೋರ್ಸ್’ ಜೊತೆಗೆ ಬಂದ ಮಾತು ಅದು. ಕಿಂಗ್ಸ್ ಐಲೆಂಡ್‌ನ ನಕ್ಷೆಗಳು 2019ರ ಆಗಸ್ಟ್ ಘೋಷಣೆಗೂ ಮೊದಲೇ ಹೊರಬಿದ್ದವು. ಅದರಲ್ಲಿ ಎತ್ತರ 287 ಅಡಿ. ಗಿಗಾ ಅಲ್ಲವಲ್ಲ ಎಂದು ಒಂದು ಬಣ ಕೈಚೆಲ್ಲಿತು. ನೆಲದ ಇಳಿಜಾರನ್ನು ಬಳಸಿಕೊಂಡು ಮೊದಲ ಜಿಗಿತ 300 ಅಡಿ ಇಳಿಯುತ್ತದೆ, ಗಿಗಾ ಎನ್ನಲು ಅಷ್ಟು ಸಾಲದೇ ಎಂದು ಇನ್ನೊಂದು ಬಣ ವಾದಿಸಿತು. ಈ ಜಗಳ ಈಗಲೂ ಮುಗಿದಿಲ್ಲ. ನನ್ನ ಮಟ್ಟಿಗೆ ಸವಾರನ ದೇಹಕ್ಕೆ ತಟ್ಟುವುದು ಇಳಿತ. ಆದ್ದರಿಂದ ನಕ್ಷೆಯಲ್ಲಿ ಎತ್ತರ ಕಂಡಾಗ ಪಕ್ಕದಲ್ಲೇ ನೆಲಮಟ್ಟದ ಗೆರೆಗಳನ್ನೂ ಓದಿ, ಇಳಿತವನ್ನು ಬೇರೆಯಾಗಿ ಬರೆದುಕೊಳ್ಳಿ.

ಹೆಸರಿನ ವಿಷಯದಲ್ಲಿ ಮಾತ್ರ ಕಾಗದವನ್ನು ನಂಬಬೇಡಿ. ಅಮೆರಿಕದ ಎರಡು ಕ್ಯಾರೊಲೈನಾ ರಾಜ್ಯಗಳ ಗಡಿಯ ಮೇಲಿರುವ ಕ್ಯಾರೊವಿಂಡ್ಸ್ ಪಾರ್ಕಿನ ಹೊಸ ಕೋಸ್ಟರನ್ನು ಅಭಿಮಾನಿಗಳು ನಕ್ಷೆಯಲ್ಲಿದ್ದಂತೆ ‘ಸೆಂಚೂರಿಯನ್’ ಎಂದೇ ಕರೆಯುತ್ತಿದ್ದರು. 2014ರ ಆಗಸ್ಟ್‌ನಲ್ಲಿ ಅದು ‘ಫ್ಯೂರಿ 325’ ಆಯಿತು. ಆಲ್ಟನ್ ಟವರ್ಸ್ ತನ್ನ ಕೋಸ್ಟರ್‌ಗಳನ್ನು ‘ಸೀಕ್ರೆಟ್ ವೆಪನ್’ ಎಂದು ಕರೆದು ಸಂಖ್ಯೆ ಕೊಡುತ್ತದೆ. ಎಂಟನೆಯದು 2018ರಲ್ಲಿ ‘ವಿಕರ್ ಮ್ಯಾನ್’ ಆಗಿ ಬಂತು. ಟ್ರೇಡ್‌ಮಾರ್ಕ್ ಅರ್ಜಿಗಳು ಸ್ವಲ್ಪ ಹೆಚ್ಚು ಭರವಸೆಯವು, ಏಕೆಂದರೆ ಅದಕ್ಕೆ ಕಂಪನಿ ಹಣ ಕಟ್ಟಿರುತ್ತದೆ. ಮನರಂಜನಾ ಸೇವೆಗಳು ಬರುವುದು 41ನೆಯ ವರ್ಗದಲ್ಲಿ; ಹುಡುಕುವಾಗ ಅಲ್ಲಿಂದ ಶುರುಮಾಡಿ. ಅರ್ಜಿ ಹಾಕಿದ ಹೆಸರೆಲ್ಲ ಸವಾರಿಯಾಗುವುದಿಲ್ಲ ಎಂಬುದೂ ನೆನಪಿರಲಿ.

ಮೇಲೆ ಹೇಳಿದ ಮೂರು ಘೋಷಣೆಗಳು, ಅಂದರೆ ಫ್ಯೂರಿ, ಸ್ಟೀಲ್ ವೆಂಜೆನ್ಸ್, ಓರಿಯನ್, ಮೂರೂ ಆಗಸ್ಟ್‌ನವು. ಮುಂದಿನ ವರ್ಷದ ಸೀಸನ್ ಪಾಸ್ ಮಾರುವ ಹೊತ್ತಿಗೆ ಹೊಸ ಆಕರ್ಷಣೆಯ ಸುದ್ದಿ ಕೈಯಲ್ಲಿರಬೇಕು ಎಂಬ ವ್ಯಾಪಾರದ ಲೆಕ್ಕ ಅದರ ಹಿಂದಿದೆ. ಅಮೆರಿಕದ ಪಾರ್ಕೊಂದರ ಬಗ್ಗೆ ಫೆಬ್ರುವರಿಯಲ್ಲಿ ‘ನಾಳೆಯೇ ಘೋಷಣೆ’ ಎಂಬ ಸುದ್ದಿ ಬಂದರೆ ಅನುಮಾನಿಸಿ. ಏಪ್ರಿಲ್ 1ರಂದು ಬಂದರೆ ಓದಿ ಮರೆತುಬಿಡಿ.

ಉಕ್ಕಿನ ಮೇಲಿನ ಮುದ್ರೆ

ಹಳಿಯ ತುಂಡುಗಳು ಲಾರಿಯಲ್ಲಿ ಬಂದು ಇಳಿದ ದಿನ ತಯಾರಕರ ಬಗ್ಗೆ ಚರ್ಚೆ ಬಹುಪಾಲು ಮುಗಿದಂತೆ. ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಾಬಿಯಾರ್ ಕಂಪನಿಯ ಹಳಿಗೆ ಚೌಕಾಕಾರದ ಪೆಟ್ಟಿಗೆಯಂಥ ದಪ್ಪ ಬೆನ್ನೆಲುಬು ಇರುತ್ತದೆ, ಅದಕ್ಕಂಟಿದಂತೆ ಎರಡು ಕೊಳವೆ ಹಳಿಗಳು. ಒಮ್ಮೆ ನೋಡಿದರೆ ಮರೆಯುವಂಥದ್ದಲ್ಲ. ನೋಡಲು ಸ್ವಿಟ್ಜರ್ಲೆಂಡಿಗೇನೂ ಹೋಗಬೇಕಿಲ್ಲ, ಮಹಾರಾಷ್ಟ್ರದ ಖೋಪೋಲಿ ಬಳಿಯ ಇಮ್ಯಾಜಿಕಾದ ‘ನೈಟ್ರೊ’ ಅದೇ ಕಂಪನಿಯದು. ಲಿಕ್ಟನ್‌ಸ್ಟೈನ್‌ನ ಇಂಟಾಮಿನ್ ತನ್ನ ಎತ್ತರದ ಕೋಸ್ಟರ್‌ಗಳಲ್ಲಿ ಕೊಳವೆಗಳನ್ನು ತ್ರಿಕೋನವಾಗಿ ಹೆಣೆದ ಹಳಿ ಬಳಸಿದೆ. ರಾಕಿ ಮೌಂಟನ್‌ನದು ಮರದ ಕಟ್ಟಿನ ಮೇಲೆ ಕೂರುವ ಚಪ್ಪಟೆ ಅಂಚಿನ ಉಕ್ಕು.

ಹಳಿ ಪಾರ್ಕ್ ಮುಟ್ಟುವ ಮೊದಲೇ ಅದನ್ನು ನೋಡುವ ದಾರಿಯೂ ಇದೆ. ಬೊಲಿಗರ್ ಅಂಡ್ ಮಾಬಿಯಾರ್‌ನ ಅಮೆರಿಕದ ಕೋಸ್ಟರ್‌ಗಳ ಉಕ್ಕಿನ ಕೆಲಸ ಬಹಳ ಕಾಲದಿಂದ ಒಹಾಯೊದ ಬಟೇವಿಯಾ ಊರಿನ ಕ್ಲೆರ್ಮಾಂಟ್ ಸ್ಟೀಲ್‌ನಲ್ಲಿ ನಡೆಯುತ್ತಾ ಬಂದಿದೆ. ಆ ಕಾರ್ಖಾನೆಯ ಅಂಗಳದಲ್ಲಿ ಬಣ್ಣ ಬಳಿದು ಜೋಡಿಸಿಟ್ಟ ಹಳಿಗಳನ್ನು ಸಾರ್ವಜನಿಕ ರಸ್ತೆಯಿಂದಲೇ ನೋಡಿ ಬರುವುದು ಅಲ್ಲಿನ ಅಭಿಮಾನಿಗಳಿಗೆ ಒಂದು ಯಾತ್ರೆ. ಆದರೆ ಅಂಗಳದಲ್ಲಿರುವ ಹಳಿ ಯಾವ ಪಾರ್ಕಿಗೆ ಎಂದು ಉಕ್ಕು ಹೇಳುವುದಿಲ್ಲ. ಅದಕ್ಕೆ ಮತ್ತೆ ನೆಲಕ್ಕೂ ಕಾಗದಕ್ಕೂ ವಾಪಸು ಬರಬೇಕು.

ಯಾವ ಸುಳಿವಿಗೂ ಸಿಗದದ್ದು

ಆಲ್ಟನ್ ಟವರ್ಸ್‌ನ ‘ಥರ್ಟೀನ್’ ತೆರೆಯುವ ಮುನ್ನ ಹೊರಗಿನ ಹಳಿಯೆಲ್ಲ ಕಣ್ಣ ಮುಂದಿತ್ತು. ಅಷ್ಟೇನೂ ಎತ್ತರವಿಲ್ಲ, ಇಷ್ಟಕ್ಕೇ ಇಷ್ಟು ಪ್ರಚಾರವೇ ಎಂದು ಅನೇಕರಿಗೆ ಅನ್ನಿಸಿತು. ಅಸಲು ವಿಷಯ ಒಂದು ಕತ್ತಲ ಕಟ್ಟಡದೊಳಗಿತ್ತು. ರೈಲು ಒಳಗೆ ಬಂದು ನಿಲ್ಲುತ್ತದೆ, ಹಳಿಯ ತುಂಡು ರೈಲಿನ ಸಮೇತ ಸುಮಾರು ಐದು ಮೀಟರ್ ದಬಕ್ಕನೆ ಕೆಳಕ್ಕೆ ಬೀಳುತ್ತದೆ, ಆಮೇಲೆ ಹಿಮ್ಮುಖವಾಗಿ ಓಡುತ್ತದೆ. ಹೊರಗಿನಿಂದ ನೋಡಿದರೆ ಅದು ನಾಲ್ಕು ಗೋಡೆ, ಒಂದು ಚಾವಣಿ. ಆದ್ದರಿಂದ ಕೋಸ್ಟರ್ ಜೊತೆಗೆ ಕಾರಣ ಗೊತ್ತಾಗದ ಕಟ್ಟಡವೊಂದು ಏಳುತ್ತಿದ್ದರೆ ತೀರ್ಪು ಕೊಡಲು ಆತುರಪಡಬೇಡಿ.

ತೆರೆಯುವ ದಿನಾಂಕವೂ ಹೀಗೆಯೇ ಕೈಗೆ ಸಿಗದದ್ದು. ಕಂಬ ನಿಂತು ಹಳಿ ಮುಚ್ಚಿಕೊಂಡ ಮೇಲೆ ರೈಲಿನ ಸುತ್ತ ಎಲ್ಲೂ ಏನೂ ತಗಲುವುದಿಲ್ಲವೇ ಎಂದು ನಿಧಾನವಾಗಿ ಎಳೆದು ನೋಡುವುದು, ಆಮೇಲೆ ಖಾಲಿ ಓಟ, ನೀರು ತುಂಬಿದ ಗೊಂಬೆಗಳನ್ನು ಕೂರಿಸಿ ಓಟ, ಬ್ರೇಕುಗಳ ಪರೀಕ್ಷೆ, ಸರ್ಕಾರಿ ತಪಾಸಣೆ ಇವೆಲ್ಲ ಇವೆ. ಇದರಲ್ಲಿ ಯಾವುದು ಎಷ್ಟು ಹಿಡಿಯುತ್ತದೆಂದು ಕಟ್ಟುವವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಹೈಪೀರಿಯಾ ತೆರೆದ ಬೆನ್ನಲ್ಲೇ ಕೆಲವು ದಿನ ನಿಲ್ಲಬೇಕಾಯಿತು. ಊಹೆಯ ತಾರೀಕನ್ನು ನಂಬಿ ವಿಮಾನದ ಟಿಕೆಟ್ ಮಾಡಿಸಬೇಡಿ. ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಮನೆಗಳಿಗಂತೂ ಇದನ್ನು ಒತ್ತಿ ಹೇಳುತ್ತೇನೆ. ಹೊಸ ಕೋಸ್ಟರ್ ತೆರೆದು ಒಂದೆರಡು ತಿಂಗಳು ಕಳೆದ ಮೇಲಿನ ದಿನ ಆರಿಸಿಕೊಳ್ಳುವುದು ಕ್ಷೇಮ.

ನಿಮಗೆ ಗೊತ್ತಾದದ್ದನ್ನು ಬರೆದಿಡುವಾಗ ಮೂರು ಬಗೆಯಾಗಿ ಬೇರ್ಪಡಿಸಿ: ಕಣ್ಣಾರೆ ಕಂಡದ್ದು ಅಥವಾ ದಾಖಲೆಯಲ್ಲಿ ಓದಿದ್ದು, ಅದರಿಂದ ಲೆಕ್ಕ ಹಾಕಿದ್ದು, ಬರೀ ಆಸೆಪಟ್ಟದ್ದು. ಫೋಟೊ ಹಂಚುವಾಗ ತೆಗೆದ ದಿನವನ್ನೂ ನಿಂತ ಜಾಗವನ್ನೂ ಬರೆಯಿರಿ. ಬೇರೆಯವರ ಫೋಟೊ ಬಂದರೆ ಮರಗಳನ್ನು ನೋಡಿ. ಒಹಾಯೊದ ಜನವರಿ ಚಿತ್ರ ಎಂದು ಹೇಳಿ ಹಸಿರೆಲೆ ತುಂಬಿದ ಮರ ತೋರಿಸಿದರೆ ಅದು ಜನವರಿಯದ್ದಲ್ಲ. ಬೇಲಿ ಹಾರಬೇಡಿ, ಕಾಮಗಾರಿಯ ಮೇಲೆ ಡ್ರೋನ್ ಹಾರಿಸಬೇಡಿ. ಸವಾರಿ ನಡೆಸುವ ಹುಡುಗ ಹುಡುಗಿಯರನ್ನು ಗುಟ್ಟು ಹೇಳಿ ಎಂದು ಪೀಡಿಸಬೇಡಿ. ಬಾಯಿಬಿಟ್ಟರೆ ಕೆಲಸ ಹೋಗುವುದು ಅವರದು.

ಈ ನೋಟ ಕಲಿತವರ ಕಣ್ಣು ಕೋಸ್ಟರ್ ತೆರೆದ ಮೇಲೂ ಕೆಲಸಕ್ಕೆ ಬರುತ್ತದೆ. 2023ರ ಜೂನ್ 30ರಂದು ಫ್ಯೂರಿ 325ರ ಒಂದು ಉಕ್ಕಿನ ಕಂಬದಲ್ಲಿ ಬಿರುಕು ಬಿಟ್ಟು, ರೈಲು ಹಾದಾಗ ಕಂಬದ ತಲೆ ಸರಿಯುತ್ತಿದ್ದುದನ್ನು ಗಮನಿಸಿ ಚಿತ್ರೀಕರಿಸಿದ್ದು ಪಾರ್ಕಿಗೆ ಬಂದಿದ್ದ ಒಬ್ಬ ಸಂದರ್ಶಕರು. ಪಾರ್ಕ್ ಸವಾರಿ ನಿಲ್ಲಿಸಿತು, ಕಂಬ ಬದಲಾಯಿತು, ತಪಾಸಣೆಯ ನಂತರ ಆಗಸ್ಟ್‌ನಲ್ಲಿ ಮತ್ತೆ ಓಡಿತು. ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ ಮೊದಲು ಹತ್ತಿರದ ಸಿಬ್ಬಂದಿಗೆ ತೋರಿಸಿ, ಫೋಟೊ ಹಂಚುವುದು ಆಮೇಲಿರಲಿ.

ನಮ್ಮ ಕಡೆ

ಕರ್ನಾಟಕದ ಓದುಗರಿಗೆ ಹತ್ತಿರದ ಅಭ್ಯಾಸದ ಅಂಗಳ ಬಿಡದಿ ಬಳಿಯ ವಂಡರ್‌ಲಾ. 2005ರಲ್ಲಿ ಶುರುವಾದ ಈ ಪಾರ್ಕಿನ ಕಂಪನಿ 2014ರಿಂದ ಷೇರುಪೇಟೆಯಲ್ಲಿದೆ. ಷೇರುಪೇಟೆಯ ಕಂಪನಿ ದೊಡ್ಡ ಖರ್ಚನ್ನು ಮುಚ್ಚಿಡುವಂತಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಫಲಿತಾಂಶ, ಹೂಡಿಕೆದಾರರಿಗೆ ಕೊಡುವ ವಿವರಣೆ, ವಾರ್ಷಿಕ ವರದಿ ಇವೆಲ್ಲ ಷೇರುಪೇಟೆಗಳ ತಾಣದಲ್ಲಿ ಯಾರು ಬೇಕಾದರೂ ಓದಬಹುದು. 2025ರ ಡಿಸೆಂಬರ್‌ನಲ್ಲಿ ತೆರೆದ ಚೆನ್ನೈ ವಂಡರ್‌ಲಾದಲ್ಲಿ ‘ತಂಜೋರಾ’ ಎಂಬ ಕೋಸ್ಟರ್ ಇದೆ. ಬೊಲಿಗರ್ ಅಂಡ್ ಮಾಬಿಯಾರ್ ಕಂಪನಿಯ ಇನ್ವರ್ಟೆಡ್ ಬಗೆಯದು, ಅಂದರೆ ಆಸನಗಳು ಹಳಿಯ ಕೆಳಗೆ ತೂಗುತ್ತವೆ, ಕಾಲು ಗಾಳಿಯಲ್ಲಿ. ಆಲ್ಟನ್‌ನ ನೆಮೆಸಿಸ್ ಕೂಡ ಇದೇ ಕಂಪನಿಯ ಇದೇ ಬಗೆ.

ವಾರ್ಷಿಕ ವರದಿ ತೆರೆದಾಗ ‘ಕ್ಯಾಪಿಟಲ್ ವರ್ಕ್ ಇನ್ ಪ್ರೋಗ್ರೆಸ್’ ಎಂಬ ಸಾಲು ಹುಡುಕಿ. ಮುಗಿಯದ ಕಾಮಗಾರಿಗೆ ಈಗಾಗಲೇ ಹಾಕಿದ ಹಣ ಅದು. ಹಿಂದಿನ ವರ್ಷದ ಅಂಕಿ ಪಕ್ಕದಲ್ಲೇ ಇರುತ್ತದೆ. ಏರಿಕೆ ದೊಡ್ಡದಿದ್ದರೆ ಅದು ಹೊಸ ಪಾರ್ಕಿಗೋ, ಹೋಟೆಲಿಗೋ, ಇರುವ ಪಾರ್ಕಿನ ಸವಾರಿಗೋ ಎಂದು ಆಡಳಿತ ಮಂಡಳಿಯ ವರದಿಯ ಭಾಗದಲ್ಲಿ ನೋಡಿ. ಆಮೇಲೆ ಬಿಡದಿಗೆ ಹೋದಾಗ ಎತ್ತರದ ಸವಾರಿಯೊಂದರ ಮೇಲಿನಿಂದ ಬೇಲಿಯಾಚೆ ಎಲ್ಲಿ ಹೊಸ ಮಣ್ಣು ಬಿದ್ದಿದೆ ಎಂದು ನೋಡಿ ಬನ್ನಿ.